ಹಳೆಯ ಜಾಗದ ಫೋಟೋ ನೋಡಿ ‘ಸೂಪರ್’ ಅಂತಾರೆ, ಜಾಗದ ಬಗ್ಗೆ ಯಾರೂ ಕೇಳಲ್ಲ. ಏನು ಬದಲಾಯಿಸಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಹಳೆಯ ಉದ್ಯಾನದ ಫೋಟೋ ತೆಗೆಯುತ್ತಿದ್ದೇನೆ. ಅಲ್ಲಿ ದೊಡ್ಡ ಕಟ್ಟಡ ಏನೂ ಇಲ್ಲ. ಸಾಲು ಮರಗಳು, ಕಲ್ಲು ಹಾಸಿದ ದಾರಿ, ಬತ್ತಿದ ಕಾಲುವೆ, ಅರ್ಧ ಕುಸಿದ ಒಂದು ಗೋಡೆ, ಅಷ್ಟೇ. ಆದರೆ ಯಾರೋ ಕೂತು ಯೋಚಿಸಿ ಮಾಡಿದ ಜಾಗ ಅದು, ಸ್ವಲ್ಪ ಹೊತ್ತು ನಿಂತರೆ ಗೊತ್ತಾಗುತ್ತದೆ. ಮಂಜಿನಲ್ಲಿ, ಸೂರ್ಯೋದಯದಲ್ಲಿ ತೆಗೆದು ಹಾಕುತ್ತೇನೆ. ಲೈಕ್ ಬರುತ್ತವೆ, ‘ಯಾವ ಲೆನ್ಸ್?’ ಅಂತ ಕೇಳುತ್ತಾರೆ. ಇದು ಯಾವಾಗಿನದು, ಯಾಕೆ ಹೀಗಿದೆ, ಮುಂದೆ ಉಳಿಯುತ್ತಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನನಗೆ ಬೇಕಿರುವುದು ಆ ಪ್ರಶ್ನೆಗಳೇ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1:
ಮಂಜೇ ಅಡ್ಡ ಬರುತ್ತಿರಬಹುದು. ನೀವು ತೋರಿಸಬೇಕು ಅಂದುಕೊಂಡಿರುವ ಸಾಲು, ದಾರಿ, ಕಾಲುವೆ ಎಲ್ಲವನ್ನೂ ಅದು ಮುಚ್ಚಿಬಿಡುತ್ತದೆ ಅಲ್ವಾ? ನೋಡುವವರಿಗೆ ಸಿಗುವುದು ಮಂಜಿನ ಫೋಟೋ, ಉದ್ಯಾನದ್ದಲ್ಲ.

ಆಕಾಶ ಶುಭ್ರವಾಗಿರುವ ದಿನ, ಸೂರ್ಯ ಇನ್ನೂ ಕೆಳಗಿರುವಾಗ, ಬೆಳಕು ಅಡ್ಡಡ್ಡ ಬೀಳುವಂತೆ ನಿಂತು ನೋಡಿ. ಮಧ್ಯಾಹ್ನ ಚಪ್ಪಟೆಯಾಗಿ ಕಾಣುವ ನೆಲದಲ್ಲಿ ಹಳೆಯ ಪಾತಿಯ ಏರು, ಮುಚ್ಚಿಹೋದ ಕಾಲುವೆಯ ತಗ್ಗು ನೆರಳಾಗಿ ಎದ್ದು ಬರುತ್ತವೆ. ಬೇಸಿಗೆಯಲ್ಲೂ ಬಿಡಬೇಡಿ. ಹುಲ್ಲು ಒಣಗುವಾಗ, ಮಣ್ಣಡಿ ಗೋಡೆ ಇರುವ ಕಡೆ ಬೇಗ ಒಣಗುತ್ತದೆ, ಹಳೆಯ ಕಾಲುವೆ ಮುಚ್ಚಿದ ಕಡೆ ಹಸಿರು ಜಾಸ್ತಿ ದಿನ ಉಳಿಯುತ್ತದೆ. ಇಂಥ ಗುರುತುಗಳನ್ನು ಹಿಡಿದೇ ಬ್ರಿಟನ್ನಿನ ಪುರಾತತ್ವಜ್ಞ ಓ.ಜಿ.ಎಸ್. ಕ್ರಾಫರ್ಡ್ 1923ರಲ್ಲಿ ವಾಯುಪಡೆಯ ಫೋಟೋಗಳಲ್ಲಿ ಅಲ್ಲಿನ ಪ್ರಾಚೀನ ಕಲ್ಲುವೃತ್ತ ಸ್ಟೋನ್‌ಹೆಂಜ್‌ಗೆ ಹೋಗುವ ಹಳೆಯ ದಾರಿಯ ಮುಂದಿನ ಭಾಗವನ್ನು ಪತ್ತೆ ಮಾಡಿದರು. ನೆಲದ ಮೇಲೆ ನಡೆದಾಡುವವರಿಗೆ ಅದು ಕಾಣುತ್ತಲೇ ಇರಲಿಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಚೆಂದದ ಫೋಟೋವನ್ನು ಕೈಬಿಡಿ ಅಂತ ನಾನು ಹೇಳಲ್ಲ. ಕಾರ್ಲ್‌ಟನ್ ವಾಟ್ಕಿನ್ಸ್ 1861ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಗೆ ಹೋಗಿದ್ದು 18 ಇಂಚು ಅಗಲ, 22 ಇಂಚು ಉದ್ದದ ಗಾಜಿನ ನೆಗೆಟಿವ್‌ಗಳನ್ನು ಹೇಸರಗತ್ತೆಗಳ ಮೇಲೆ ಹೊರಿಸಿಕೊಂಡು. ಆ ಚಿತ್ರಗಳು ದೂರದ ಊರುಗಳಲ್ಲಿ ಮೆಚ್ಚುಗೆ ಗಳಿಸಿದವು. 1864ರಲ್ಲಿ ಅಧ್ಯಕ್ಷ ಲಿಂಕನ್ ಆ ಕಣಿವೆಯನ್ನು ಕಾಪಾಡುವ ಕಾನೂನಿಗೆ ಸಹಿ ಹಾಕಿದರು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಫ್ರಾಂಕ್ಲಿನ್ ನದಿಗೆ ಅಣೆಕಟ್ಟು ಕಟ್ಟಲು ಹೊರಟಾಗ, ಪೀಟರ್ ಡೊಂಬ್ರೊವ್‌ಸ್ಕಿಸ್ ತೆಗೆದ ಒಂದೇ ಒಂದು ಫೋಟೋವನ್ನು 1983ರ ಚುನಾವಣೆ ಹೊತ್ತಿಗೆ ಪತ್ರಿಕೆಗಳಲ್ಲಿ ಜಾಹೀರಾತಾಗಿ ಹಾಕಿದರು. ಅದರಲ್ಲೂ ಮಂಜೇ ಇತ್ತು! ಅದೇ ವರ್ಷ ಅಣೆಕಟ್ಟಿನ ಕೆಲಸ ನಿಂತಿತು. ಆದರೆ ಫೋಟೋ ಜೊತೆ ‘ಇದು ಮುಳುಗಲಿದೆ’ ಅನ್ನುವ ಮಾತೂ ಜನರಿಗೆ ತಲುಪಿತ್ತು. ನಿಮ್ಮ ಫೋಟೋ ಜೊತೆ ಏನು ಬರೆಯುತ್ತೀರಿ?

ಉತ್ತರ 3:
ಯೊಸೆಮಿಟಿ ಮಾತು ಬಂದಿದ್ದಕ್ಕೆ ಇದನ್ನು ಹೇಳಲೇಬೇಕು. ಆ ಫೋಟೋಗಳನ್ನು ನೋಡಿದವರು ಅದು ಮನುಷ್ಯರ ಕೈ ತಾಗದ ಜಾಗ ಅಂದುಕೊಂಡರು. ನಿಜ ಹಾಗಿಲ್ಲ. ಅಲ್ಲಿ ಬಾಳಿದ ಅಹ್ವಾನೀಚೀ ಎಂಬ ಮೂಲನಿವಾಸಿ ಜನ ತಲೆತಲಾಂತರದಿಂದ ಆಗಾಗ ಸಣ್ಣ ಬೆಂಕಿ ಹಾಕಿ ಹುಲ್ಲುಗಾವಲನ್ನು ತೆರೆದಿಟ್ಟಿದ್ದರು. ಬೆಂಕಿ ಹಾಕುವುದು ನಿಂತ ಮೇಲೆ ಮರಗಳು ಒತ್ತಾಗಿ ಬೆಳೆದು ಬಯಲನ್ನೇ ನುಂಗಿದವು. ಅಂದರೆ ಜನ ಮೆಚ್ಚಿದ ಆ ನೋಟವನ್ನು ಮಾಡಿದ್ದೇ ಅಲ್ಲಿನವರು, ಫೋಟೋದಲ್ಲಿ ಇಲ್ಲದಿದ್ದದ್ದೂ ಅವರೇ. ಇದು ನನಗೆ ತುಂಬಾ ನೋವಿನ ವಿಷಯ.

ಅದಕ್ಕೇ ನನ್ನ ಕೋರಿಕೆ: ಜನ ಚೌಕಟ್ಟಿನಿಂದ ಹೊರಗೆ ಹೋಗಲಿ ಅಂತ ಕಾಯಬೇಡಿ. ಆ ದಾರಿಯಲ್ಲಿ ಈಗಲೂ ಯಾರಾದರೂ ನಡೆಯುತ್ತಾರಾ, ಮರ ಸವರುವವರು ಯಾರು, ಅವರ ಕೈ ಮತ್ತು ಹತಾರ, ಎಲ್ಲ ಬರಲಿ (ಕೇಳಿ, ಒಪ್ಪಿಗೆ ತಗೊಂಡು). ಕಟ್ಟಡ ತನ್ನಷ್ಟಕ್ಕೆ ನಿಂತಿರಬಹುದು, ಉದ್ಯಾನ ಹಾಗಲ್ಲ, ಎರಡು ವರ್ಷ ಯಾರೂ ನೋಡದಿದ್ದರೆ ಅದರ ರೂಪವೇ ಹೋಗುತ್ತದೆ.

ಉತ್ತರ 1 ಬರೆದವರು:
ಈ ಕೊನೆಯ ಮಾತು ಒಪ್ಪಿದೆ. ಇಂಥ ಜಾಗಗಳನ್ನು ಗುರುತಿಸುವುದೂ ತಡವಾಗಿಯೇ ಆಯಿತು. ಅಮೆರಿಕದಲ್ಲಿ ಹಳೆಯ ಕಟ್ಟಡಗಳ ಸರಕಾರಿ ಸರ್ವೆ 1933ರಲ್ಲೇ ಶುರುವಾಗಿದ್ದರೂ, ಐತಿಹಾಸಿಕ ಲ್ಯಾಂಡ್‌ಸ್ಕೇಪ್‌ಗಳಿಗೆ (ಉದ್ಯಾನದಂಥ, ಜನ ರೂಪಿಸಿದ ಜಾಗಗಳಿಗೆ) ಅಂತಲೇ ಸರ್ವೆ ಬಂದಿದ್ದು 2000ದಲ್ಲಿ. ಅವರು ಫೋಟೋ, ಅಳತೆಯ ನಕ್ಷೆ, ಇತಿಹಾಸದ ಬರಹ ಮೂರನ್ನೂ ಸೇರಿಸಿ ಇಡುತ್ತಾರೆ. ನೀವೂ ಪ್ರತಿ ಫೋಟೋಗೆ ತಾರೀಖು, ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ ನೋಡುತ್ತಿದ್ದಿರಿ ಅಂತ ಬರೆದಿಡಿ. ಎರಡು ಮೂರು ಜಾಗ ಗೊತ್ತುಮಾಡಿಕೊಂಡು ಪ್ರತಿ ಋತುವಿನಲ್ಲಿ ಅಲ್ಲೇ ನಿಂತು, ಅದೇ ಲೆನ್ಸ್‌ನಲ್ಲಿ ತೆಗೆಯಿರಿ. ಹಿಂದಿನ ಫೋಟೋ ಪಕ್ಕದಲ್ಲಿ ಇವತ್ತಿನದು ಇಟ್ಟರೆ, ‘ಆ ಮರ ಎಲ್ಲಿ ಹೋಯಿತು?’ ಅಂತ ನೋಡಿದವರೇ ಕೇಳುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹಳೆಯ ಫೈಲ್‌ಗಳನ್ನು ಈಗಷ್ಟೇ ತೆಗೆದು ನೋಡಿದೆ. ಎರಡು ವರ್ಷದ ಫೋಟೋಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ, ನಾನೇ ಕಾದು ಕಾದು ತೆಗೆದಿದ್ದೆ. ಎಲೆ ಗುಡಿಸುವ ಒಬ್ಬರು ದಿನಾ ಸಿಗುತ್ತಾರೆ. ನಾಳೆ ಅವರನ್ನು ಮಾತಾಡಿಸುತ್ತೇನೆ, ಆ ಕಾಲುವೆಯಲ್ಲಿ ನೀರು ಹರಿದಿದ್ದನ್ನು ಅವರು ನೋಡಿದ್ದಾರಾ ಅಂತ ಮೊದಲು ಕೇಳಬೇಕು.