ಒಬ್ಬ ಶಾಲೆ ಬಿಟ್ಟರೆ ಬೆನ್ನಲ್ಲೇ ಮೂವರು ಬಿಡುವುದೇಕೆ?

ಪ್ರೌಢಶಾಲಾ ಶಿಕ್ಷಕ, ಯಾದಗಿರಿ ಜಿಲ್ಲೆ:
ಪಂಚಮಿ ಹಬ್ಬ ಮುಗಿಸಿಕೊಂಡು ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ದೀಪಾವಳಿಗೆ ಊರಿಗೆ ಬಂದಾಗ ಅವನ ಕೈಯಲ್ಲಿ ಹೊಸ ಮೊಬೈಲಿತ್ತು. ತಿಂಗಳೊಳಗೆ, ಹಿಂದಿನ ಬೆಂಚಿನಲ್ಲಿ ಅವನೊಡನೆ ಕೂರುತ್ತಿದ್ದ ಮೂವರ ಹೆಸರು ಕೂಗಿದರೆ ‘ಎಸ್ ಸರ್’ ಎನ್ನುವವರಿರಲಿಲ್ಲ. ಇದು ಸಹವಾಸದ ಫಲವೇ, ಅಥವಾ ನಾಲ್ಕೂ ಮನೆಗಳ ಬಡತನ ಒಂದೇ ಆಗಿರುವುದರಿಂದ ಹೀಗಾಯಿತೇ?

ಸಮಾಜಶಾಸ್ತ್ರ ಉಪನ್ಯಾಸಕ:
ಇವೆರಡನ್ನು ಬಿಡಿಸಿ ನೋಡುವುದು ಸಂಶೋಧಕರಿಗೂ ಸುಲಭವಲ್ಲ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಮ್ಯಾನ್‌ಸ್ಕಿ 1993ರಲ್ಲಿ ಇದನ್ನು ‘ಪ್ರತಿಬಿಂಬದ ಸಮಸ್ಯೆ’ ಎಂದು ಕರೆದರು: ಕೈಯೂ ಕನ್ನಡಿಯ ಬಿಂಬವೂ ಒಟ್ಟಿಗೆ ಅಲುಗಿದಾಗ, ಯಾವುದು ಯಾವುದನ್ನು ಅಲುಗಿಸಿತೆಂದು ನೋಟ ಮಾತ್ರದಿಂದ ಹೇಳಲಾಗದು. ಹುಡುಗರು ಗೆಳೆಯರನ್ನು ಆರಿಸಿಕೊಳ್ಳುವುದೂ ತಮ್ಮಂತಹವರ ನಡುವೆಯೇ. ಗಣಿತದಲ್ಲಿ ಮತ್ತೆ ಮತ್ತೆ ನಪಾಸಾಗಿ ಹಿಂದಿನ ಬೆಂಚಿಗೆ ಸರಿದವರು ಅಲ್ಲಿಯೇ ಜೊತೆಯಾಗಿರುತ್ತಾರೆ. ಆದರೂ ಆ ಹುಡುಗ ಮೊಬೈಲಿನ ಜೊತೆಗೆ ಮೇಸ್ತ್ರಿಯ ನಂಬರನ್ನೂ, ಮಲಗಲು ಶೆಡ್ಡಿದೆಯೆಂಬ ಭರವಸೆಯನ್ನೂ ತಂದಿರುತ್ತಾನೆಂಬುದನ್ನು ಮರೆಯಬಾರದು. ಬಡತನ ಮೊದಲೂ ಇತ್ತು, ದಾರಿ ಗೊತ್ತಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗಷ್ಟೇ ಅನ್ವಯಿಸುವುದರಿಂದ, ಆ ವಯಸ್ಸು ದಾಟಿದವನು ಹೊರಟುನಿಂತರೆ ಆ ಕಾಯ್ದೆಯ ಆಸರೆಯೂ ನಿಮಗಿಲ್ಲ.

ಅಂಗನವಾಡಿ ಕಾರ್ಯಕರ್ತೆ:
ಹುಡುಗಿಯರ ಮಾತು ಯಾರೂ ಎತ್ತಲಿಲ್ಲವೆಂದು ಬರೆಯುತ್ತಿದ್ದೇನೆ, ಸರ್. ನಮ್ಮೂರಿನಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್. ಐವರು ನಡೆದು ಹೋಗುತ್ತಿದ್ದೆವು. ಇಬ್ಬರಿಗೆ ಮದುವೆಯಾಯಿತು, ಒಬ್ಬಳು ಹತ್ತಿ ಬಿಡಿಸಲು ಹೊಲಕ್ಕೆ ಹೋದಳು. ಉಳಿದವಳಿಗೆ ಜ್ವರ ಬಂದ ದಿನ ಅವ್ವ ನನ್ನನ್ನೂ ಕಳಿಸುತ್ತಿರಲಿಲ್ಲ. ಅವಳು ಬಿಟ್ಟ ವಾರವೇ ನನ್ನ ಶಾಲೆಯೂ ಮುಗಿಯಿತು. ಯಾರೂ ಯಾರನ್ನೂ ಕೆಡಿಸಲಿಲ್ಲ, ಜೊತೆ ಕಡಿಯಿತು ಅಷ್ಟೆ. ಮುಂದೆ ಎಂಟನೆಯ ತರಗತಿಯವರಿಗೆ ಸರ್ಕಾರ ಸೈಕಲ್ ಕೊಟ್ಟಾಗಲೂ, ಓಣಿಯ ಇನ್ನೂ ಮೂವರು ಹೊರಟ ಮೇಲಷ್ಟೇ ತಂಗಿಯನ್ನು ಮನೆಯವರು ಶಾಲೆಗೆ ಕಳಿಸಿದರು.

ಪ್ರೌಢಶಾಲಾ ಶಿಕ್ಷಕ:
ಅಕ್ಕ, ನಾನು ಆ ಹುಡುಗರ ಮನೆಗಳಿಗೆ ಬೇರೆ ಬೇರೆ ದಿನ ಹೋಗಿ ಬಂದಿದ್ದೆ. ಒಬ್ಬನು ‘ಅವನು ಬಂದರೆ ಬರುತ್ತೇನೆ, ಸರ್’ ಎಂದದ್ದನ್ನು ನೆಪವೆಂದುಕೊಂಡಿದ್ದೆ. ಮೂವರಲ್ಲಿ ಇಬ್ಬರು ಇನ್ನೂ ಊರಿನಲ್ಲೇ ಇದ್ದಾರೆ. ಭಾನುವಾರ ಇಬ್ಬರನ್ನೂ ಅಗಸೆ ಕಟ್ಟೆಯ ಮೇಲೆ ಒಟ್ಟಿಗೆ ಕೂರಿಸಿ ಮಾತನಾಡಿಸುತ್ತೇನೆ.