ಕಯೋಟಿ ಗಲ್ಚ್‌ಗೆ ಬೇಗ ಆಗುವ ದಾರಿ ಯಾವುದು? ಹೋಗಿಬಂದವರ ಅನುಭವ

ಪ್ರಶ್ನೆ: ನಾವು ಫೀನಿಕ್ಸ್‌ನಲ್ಲಿರುವ ನಾಲ್ಕು ಜನ. ಮೇ ತಿಂಗಳಲ್ಲಿ ಯೂಟಾದ ಎಸ್ಕಲಾಂಟೆ ಕಡೆ ಕಯೋಟಿ ಗಲ್ಚ್ ಅನ್ನೋ ಕಮರಿಗೆ ಬ್ಯಾಗ್ ಹೊತ್ತು ಹೋಗಿ ಎರಡು ರಾತ್ರಿ ಉಳಿಯುವ ಆಸೆ. ಹರಿಕೇನ್ ವಾಷ್ ಅನ್ನೋ ಒಣ ಹಳ್ಳದಿಂದ ಇಳಿದು ಎಸ್ಕಲಾಂಟೆ ನದಿವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದರೆ 25 ಮೈಲಿ ಹತ್ತಿರ ಆಗುತ್ತೆ. ಮ್ಯಾಪ್‌ನಲ್ಲಿ ನೋಡಿದರೆ ಫಾರ್ಟಿ ಮೈಲ್ ರಿಡ್ಜ್ ಕಡೆಯಿಂದ ಎರಡೇ ಮೈಲಿ! ಹಾಗೆ ಇಳಿದರೆ ಬೇಗ ಆಗುತ್ತಾ? ನಮ್ಮಲ್ಲಿ ಇಬ್ಬರಿಗೆ ಕುಮಾರ ಪರ್ವತ ಬಿಟ್ಟರೆ ಬೇರೆ ಟ್ರೆಕ್ಕಿಂಗ್ ಅನುಭವ ಇಲ್ಲ. ಕಾರು ಎರಡಿವೆ, ಒಂದು ಕ್ಯಾಮ್ರಿ, ಇನ್ನೊಂದು ಆರ್‌ಎವಿ4.

ಸಾಲ್ಟ್ ಲೇಕ್ ಸಿಟಿಯಿಂದ:

ಎರಡು ಮೈಲಿ ಅನ್ನೋದು ಸರಿ, ಆದರೆ ಅದು ಕಮರಿಯ ಅಂಚಿನವರೆಗೆ ಮಾತ್ರ. ಅಂಚಿನಿಂದ ತಳಕ್ಕೆ ಇಳಿಯೋದರಲ್ಲೇ ಹೊತ್ತು ಹೋಗೋದು. ಆ ರಿಡ್ಜ್‌ನಿಂದ ಇಳಿಯೋಕೆ ಎರಡು ಜಾಗ ಇವೆ, ಎರಡರ ಸ್ವಭಾವವೂ ಬೇರೆ.

ರಸ್ತೆ ಪಕ್ಕದ ನೀರಿನ ಟ್ಯಾಂಕ್ ಹತ್ತಿರ ಕಾರು ಬಿಟ್ಟು ನಡೆದರೆ ಜೇಕಬ್ ಹ್ಯಾಂಬ್ಲಿನ್ ಅನ್ನೋ ಸಹಜ ಬಂಡೆ ಕಮಾನಿನ ಬಳಿ ಅಂಚಿಗೆ ಬರುತ್ತೀರಿ. ನಡುವೆ ದಾರಿ ಅಂತ ಇಲ್ಲ, ಬಂಡೆ ಮೇಲೆ ಯಾರೋ ಪೇರಿಸಿಟ್ಟ ಕಲ್ಲುಗುಪ್ಪೆ ನೋಡಿಕೊಂಡು, ಜಿಪಿಎಸ್ ಹಿಡಿದು ನಡೀಬೇಕು. ಕೊನೆಗೆ ಇಳಿಯೋದು ಸುಮಾರು 45 ಡಿಗ್ರಿ ವಾಲಿರುವ ಬೋಳು ಬಂಡೆಯನ್ನು. ಸಾವನದುರ್ಗ ಹತ್ತಿದವರಿಗೆ ಬಂಡೆಗೆ ಬೂಟು ಕಚ್ಚಿಸಿ ನಿಲ್ಲೋದು ಗೊತ್ತಿರುತ್ತೆ, ಆದರೆ ಅದು ಗ್ರಾನೈಟ್. ಇದು ಮರಳುಗಲ್ಲು, ಮೇಲೆ ಉದುರು ಮರಳು ಕೂತಿದ್ದರೆ ಕಾಲಿಗೆ ಹಿಡಿತವೇ ಸಿಗಲ್ಲ. ಬೆನ್ನಮೇಲೆ ಎರಡು ರಾತ್ರಿಯ ಭಾರ ಹೊತ್ತು ಹೊಸಬರು ಅಲ್ಲಿ ಇಳಿಯೋದು ಬೇಡ, ಖಂಡಿತ ಬೇಡ. ಯಾರೋ ಬಿಟ್ಟುಹೋದ ಹಗ್ಗ ನೇತಾಡುತ್ತಿದ್ದರೂ ಅದನ್ನು ನಂಬಬೇಡಿ, ಬಿಸಿಲಿಗೆ ಬೆಂದು ಜೀವ ಕಳಕೊಂಡಿರುತ್ತೆ.

ಇನ್ನೊಂದು ಜಾಗ ಕ್ರ್ಯಾಕ್ ಇನ್ ದ ವಾಲ್. ನೀವು ಮ್ಯಾಪ್‌ನಲ್ಲಿ ನೋಡಿದ್ದು ಇದೇ ಇರಬೇಕು. ಗೋಡೆಯಿಂದ ಬಿಟ್ಟುಕೊಂಡ ಚಪ್ಪಡಿ ಬಂಡೆಗಳ ಹಿಂದಿನ ಸಂದಿಯಲ್ಲಿ ಅಡ್ಡಡ್ಡ ತಿರುಗಿ ನುಸುಳಬೇಕು. ಅದು ದಾಟಿದರೆ ತಳದವರೆಗೂ ದೊಡ್ಡ ಮರಳುದಿಬ್ಬ. ಇಳಿಯುವಾಗ ಎದುರಿಗೇ ಸ್ಟೀವನ್ಸ್ ಕಮಾನು ಕಾಣುತ್ತೆ, ಆ ನೋಟಕ್ಕಾಗಿಯೇ ಹೋಗಬಹುದು. ಆದರೆ ರಸ್ತೆಯ ಕಡೇ ಭಾಗ ಆಳವಾದ ಮರಳು. ಕ್ಯಾಮ್ರಿ ಮಾತು ಬಿಡಿ, ಆರ್‌ಎವಿ4 ಅನ್ನೂ ಟ್ಯಾಂಕ್ ದಾಟಿ ಒಯ್ಯಬೇಡಿ. ಅಂದರೆ ಟ್ಯಾಂಕ್‌ನಿಂದ ರಸ್ತೆಯ ಕೊನೆಗೇ ಇನ್ನೂ ಎರಡೂವರೆ ಮೈಲಿ ಹತ್ತಿರ ನಡೀಬೇಕು. ನಿಮ್ಮ ಎರಡು ಮೈಲಿ ಅಲ್ಲಿಗೆ ನಾಲ್ಕೂವರೆ ಆಯ್ತು, ಅದೂ ಒಂದು ಗಿಡದ ನೆರಳಿಲ್ಲದೆ, ಹನಿ ನೀರಿಲ್ಲದೆ.

ನಿಮ್ಮ ಗುಂಪಿಗೆ ನಾನು ಹೇಳೋದು ಹರಿಕೇನ್ ವಾಷ್. ಮೊದಲ ಐದು ಮೈಲಿ ಚಿಲ್ಲರೆ ಒಣ ಹಳ್ಳದಲ್ಲಿ ಬರೀ ನಡಿಗೆ, ಬೇಸರದ ನಡಿಗೆ ಅಂತಲೇ ಹೇಳಬೇಕು, ಆದರೆ ಎಲ್ಲೂ ನಿಂತು ಯೋಚಿಸೋ ಪ್ರಸಂಗ ಬರಲ್ಲ. ಕಮರಿ ಸೇರಿ ಇನ್ನೂ ಒಂದೆರಡು ಮೈಲಿಗೆ ಹ್ಯಾಂಬ್ಲಿನ್ ಕಮಾನು. ಅಲ್ಲೇ ಎರಡೂ ರಾತ್ರಿ ಟೆಂಟ್ ಹಾಕಿ. ಮರುದಿನ ನೀರು, ತಿಂಡಿ, ಜಾಕೆಟ್ ಇಷ್ಟೇ ಸಣ್ಣ ಬ್ಯಾಗಿಗೆ ತುಂಬಿಕೊಂಡು ನದಿವರೆಗೆ ಹೋಗಿ ಸಂಜೆಗೆ ಟೆಂಟ್‌ಗೆ ಬನ್ನಿ. ಮೈಲಿ ಅಷ್ಟೇ ಆಗುತ್ತೆ, ಆದರೆ ಅದರಲ್ಲಿ ಅರ್ಧದಷ್ಟನ್ನು ಖಾಲಿ ಬೆನ್ನಲ್ಲಿ ನಡೀತೀರಿ. ಗಂಟೆ ಲೆಕ್ಕದಲ್ಲಿ ಹೊಸಬರಿರುವ ಗುಂಪಿಗೆ ಇದಕ್ಕಿಂತ ಬೇಗ ಆಗುವ ದಾರಿ ನನಗೆ ಕಾಣಲ್ಲ.

ಸ್ಯಾನ್ ಹೊಸೆಯಿಂದ:

ಮೇಲಿನವರು ಹೇಳಿದ್ದರಲ್ಲಿ ಹ್ಯಾಂಬ್ಲಿನ್ ಬಂಡೆ ಬೇಡ ಅನ್ನೋದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಎರಡು ಕಾರು ಇರುವಾಗ ಹೋದ ದಾರಿಯಲ್ಲೇ ಯಾಕೆ ಬರಬೇಕು? ಕ್ಯಾಮ್ರಿಯನ್ನು ಹರಿಕೇನ್ ವಾಷ್‌ನಲ್ಲಿ ಬಿಟ್ಟು, ಆರ್‌ಎವಿ4ನಲ್ಲಿ ಟ್ಯಾಂಕ್‌ವರೆಗೆ ಹೋಗಿ, ಕ್ರ್ಯಾಕ್‌ನಿಂದ ಇಳಿದು ಹರಿಕೇನ್‌ನಿಂದ ಹೊರಗೆ ಬನ್ನಿ. ಎಲ್ಲ ಸೇರಿ 18 ಮೈಲಿ ಆಸುಪಾಸು, ಕಂಡ ಜಾಗವನ್ನೇ ಮತ್ತೆ ನೋಡೋದಿಲ್ಲ. ಇದನ್ನು ತಿರುಗಾಮುರುಗಾ ಮಾತ್ರ ಮಾಡಬೇಡಿ. ಆ ಮರಳುದಿಬ್ಬ ಹತ್ತುವಾಗ ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತೆ, ಮಧ್ಯಾಹ್ನವಾದರೆ ಮರಳು ಕಾದು ಬೂಟಿನೊಳಕ್ಕೂ ಬಿಸಿ ಹತ್ತುತ್ತೆ.

ಹಗ್ಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಂದಿಯಲ್ಲಿ ಮನುಷ್ಯರು ನುಸುಳಬಹುದು, ಬ್ಯಾಗ್ ನುಸುಳಲ್ಲ. ಅದನ್ನು ಹಗ್ಗ ಕಟ್ಟಿ ಅಂಚಿನಿಂದ ಇಳಿಸಬೇಕು. 50 ಅಡಿ ಗಟ್ಟಿ ಹಗ್ಗ ಮತ್ತು ಒಂದು ಜೊತೆ ಕೈಗವಸು ಇರಲಿ. ಇಬ್ಬರು ಮೊದಲು ಬರಿಗೈಯಲ್ಲಿ ನುಸುಳಿ ಕೆಳಗೆ ನಿಲ್ಲಿ, ಇಬ್ಬರು ಮೇಲಿರಿ. ಹಗ್ಗವನ್ನು ಬ್ಯಾಗಿನ ನೆತ್ತಿಯಲ್ಲಿರುವ ಕುಣಿಕೆಗೆ ಹಾಕಿ, ಅದರೊಳಗಿಂದ ಎರಡೂ ಭುಜದ ಪಟ್ಟಿಗೂ ಸುತ್ತಿ ಗಂಟು ಹಾಕಿ, ಬರೀ ಕುಣಿಕೆಯ ಹೊಲಿಗೆ ನಂಬೋದು ಬೇಡ. ಹೊರಗೆ ಕಟ್ಟಿದ ಮಲಗುವ ಚಾಪೆ, ನೀರಿನ ಬಾಟಲಿ, ವಾಕಿಂಗ್ ಕೋಲು ಎಲ್ಲ ಬಿಚ್ಚಿ ಒಳಗೆ ಹಾಕಿ, ಇಲ್ಲದಿದ್ದರೆ ಬಂಡೆ ಮೂಲೆಗೆ ಸಿಕ್ಕಿಕೊಂಡು ಬ್ಯಾಗ್ ಅರ್ಧಕ್ಕೇ ನಿಲ್ಲುತ್ತೆ. ಇಳಿಸುವವರು ಅಂಚಿನಿಂದ ಹಿಂದೆ ಕೂತು ಇಳಿಸಲಿ, ಬಗ್ಗಿ ನೋಡುತ್ತಾ ಅಲ್ಲ. ಬೆಳಿಗ್ಗೆ ಬೇಗ ಟ್ಯಾಂಕ್ ಬಿಟ್ಟರೆ ಬಿಸಿಲೇರೋ ಮುಂಚೆ ಇದೆಲ್ಲ ಮುಗಿಯುತ್ತೆ. ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ನಿಮ್ಮಲ್ಲಿದ್ದರೆ ಈ ಮಾತೇ ಬೇಡ, ಹರಿಕೇನ್ ಹಿಡಿಯಿರಿ.

ಟೆಂಪಿಯಿಂದ:

ನೀರಿನ ಭಾರದ ಬಗ್ಗೆ ಯಾರೂ ಹೇಳಿಲ್ಲ. ಮೇಲಿನ ಮರಳುಗಾಡು ನೋಡಿ ಹೆದರಿ ಮೂರು ದಿನದ ನೀರು ಹೊರಬೇಡಿ. ಕಯೋಟಿ ಗಲ್ಚ್‌ನಲ್ಲಿ ನೀರು ಹರಿಯುತ್ತೆ, ಪಾದ ಮುಳುಗುವಷ್ಟು, ಕೆಲವು ಕಡೆ ಮೊಣಕಾಲಿನ ಹತ್ತಿರ. ಅಲ್ಲಿನ ನವಾಹೋ ಮರಳುಗಲ್ಲು ಮಳೆನೀರನ್ನು ಹೀರಿ ಕೆಳಗಿಳಿಸುತ್ತೆ, ಅದರಡಿಯ ಕಯೆಂಟಾ ಪದರ ಅಷ್ಟು ಸುಲಭಕ್ಕೆ ಬಿಟ್ಟುಕೊಡಲ್ಲ. ಹಾಗಾಗಿ ಎರಡೂ ಸೇರುವ ಕಡೆ ಗೋಡೆಯಿಂದ ನೀರು ಒಸರುತ್ತೆ, ಜರಿಗಿಡಗಳು ನೇತಾಡುತ್ತಿರುತ್ತವೆ. ಹ್ಯಾಂಬ್ಲಿನ್ ಕಮಾನಿನ ಬಳಿ ಅಂಥದ್ದೇ ಒಳ್ಳೆಯ ಒರತೆ ಇದೆ, ಆದರೂ ಫಿಲ್ಟರ್ ಮಾಡಿಯೇ ಕುಡಿಯಿರಿ. ಹರಿಕೇನ್ ವಾಷ್‌ನ ಒಣ ಮೈಲಿಗಳಿಗೆ ತಲೆಗೆ ಮೂರು ಲೀಟರ್ ಇಟ್ಟುಕೊಳ್ಳಿ. ಮೂರು ಎಲೆಯ ಗೊಂಚಲಿನ ಗಿಡ ಕಂಡರೆ ಮುಟ್ಟಬೇಡಿ, ಅಲ್ಲಿ ಮೈಗೆ ತಾಗಿದರೆ ತುರಿಕೆ ಬರಿಸುವ ಪಾಯ್ಸನ್ ಐವಿ ಇದೆ. ಮಲವನ್ನು ಚೀಲದಲ್ಲಿ ಕಟ್ಟಿ ಹೊರಗೆ ತರೋದು ಅಲ್ಲಿ ಕಡ್ಡಾಯ, ಅದಕ್ಕೆಂದೇ ಸಿಗುವ ವ್ಯಾಗ್ ಬ್ಯಾಗ್ ತಗೊಳ್ಳಿ. ನಾಯಿ ಕರೆದೊಯ್ಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ.

ಬಟ್ಟೆ ಒದ್ದೆಯಾದರೂ ಒಣಗುತ್ತೆ, ಬೂಟು ಒಣಗಲ್ಲ. ನೀರು ಸೋರಿಹೋಗುವ ಹಗುರ ಶೂ ಹಾಕಿ, ಪ್ರತಿ ಸಲ ದಾಟುವಾಗ ಬಿಚ್ಚಿ ಹಾಕುತ್ತಾ ಕೂತರೆ ಅರ್ಧ ದಿನ ಅದಕ್ಕೇ ಹೋಗುತ್ತೆ.

ಡೆನ್ವರ್‌ನಿಂದ:

ಹರಿಕೇನ್ ವಾಷ್‌ಗೆ ಕಾರಿನಲ್ಲಿ ಹೋಗುವ ಹೋಲ್ ಇನ್ ದ ರಾಕ್ ರಸ್ತೆ ಬಗ್ಗೆ ಒಂದು ಮಾತು. ಹೆದ್ದಾರಿ 12 ಬಿಟ್ಟ ಮೇಲೆ ಹರಿಕೇನ್ ವಾಷ್‌ಗೆ 33 ಮೈಲಿಗೂ ಹೆಚ್ಚು, ಎಲ್ಲ ಮಣ್ಣುರಸ್ತೆ, ಮೈಮೂಳೆ ಅಲ್ಲಾಡಿಸೋ ಏರಿಳಿತ. ಒಂದೂವರೆ ಗಂಟೆ ಇಟ್ಟುಕೊಳ್ಳಿ. ಈ ರಸ್ತೆಯ ಕಥೆಯೂ ಹತ್ತಿರದ ದಾರಿಯದ್ದೇ. 1879ರಲ್ಲಿ ಸುಮಾರು 250 ಮಾರ್ಮನ್ ಪಂಥದ ವಲಸಿಗರು 80ಕ್ಕೂ ಹೆಚ್ಚು ಗಾಡಿ ಕಟ್ಟಿಕೊಂಡು ಸ್ಯಾನ್ ಹ್ವಾನ್ ಸೀಮೆಗೆ ಇದೇ ಹತ್ತಿರ ಅಂತ ಹೊರಟರು. ಕೊಲೊರಾಡೊ ನದಿಯ ಮೇಲಿನ ಬಂಡೆ ಸೀಳನ್ನು ಸಿಡಿಮದ್ದಿನಿಂದ ಅಗಲ ಮಾಡಿ 1880ರ ಜನವರಿಯಲ್ಲಿ ಗಾಡಿಗಳನ್ನು ಇಳಿಸಿದರು. ಆರು ವಾರ ಅಂದುಕೊಂಡದ್ದು ಆರು ತಿಂಗಳು ಹಿಡಿಯಿತು.

ಫೀನಿಕ್ಸ್‌ನಿಂದ ಬರುವಾಗ ಪೇಜ್ ಊರು ದಾಟಿದ ಮೇಲೆ ಮ್ಯಾಪ್ ನಿಮಗೆ ಕಾಟನ್‌ವುಡ್ ಕ್ಯಾನಿಯನ್ ರಸ್ತೆ ತೋರಿಸಬಹುದು, ಕ್ಯಾನಬ್ ಊರಿನ ಸುತ್ತು ಉಳಿಯುತ್ತೆ ಅಂತ. ಅದು ಜೇಡಿಮಣ್ಣಿನ ರಸ್ತೆ, ಒಂದು ಮಳೆ ಬಿದ್ದರೆ ಯಾವ ಗಾಡಿಯೂ ಹೋಗಲ್ಲ. ಕ್ಯಾನಬ್ ಮೇಲೇ ಬನ್ನಿ. ಮೇ ತಿಂಗಳಲ್ಲಿ ಯೂಟಾದ ಗಡಿಯಾರ ಅರಿಝೋನಾಕ್ಕಿಂತ ಒಂದು ಗಂಟೆ ಮುಂದಿರುತ್ತೆ, ಎಸ್ಕಲಾಂಟೆ ಊರಿನ ವಿಸಿಟರ್ ಸೆಂಟರ್ ಬಾಗಿಲು ಹಾಕೋ ಹೊತ್ತಿಗೆ ತಲುಪಬೇಡಿ. ರಾತ್ರಿ ಉಳಿಯೋಕೆ ಪರ್ಮಿಟ್ ಬೇಕೇಬೇಕು. ಪರ್ಮಿಟ್ ತಗೊಳ್ಳುವಾಗ ನಿಮ್ಮ ಕಾರು ಯಾವುದು ಅಂತ ಹೇಳಿ ಆ ದಿನದ ರಸ್ತೆ ಸ್ಥಿತಿ ಕೇಳಿ, ಮೇಲಿನ ಕಡೆ ಎಲ್ಲಾದರೂ ಮಳೆ ಮುನ್ಸೂಚನೆ ಇದೆಯಾ ಅಂತಲೂ ಕೇಳಿ. ಇದೆ ಅಂದರೆ ಕಮರಿಗೆ ಇಳಿಯಬೇಡಿ, ನಿಮ್ಮ ತಲೆ ಮೇಲೆ ಆಕಾಶ ತಿಳಿಯಾಗಿದ್ದರೂ ಪ್ರವಾಹ ಬರುತ್ತೆ.