‘ಜವಾಬ್ದಾರಿ’ಯೊಳಗಿನ ಜವಾಬು ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ.

ನಾನು ಕೊಪ್ಪಳ ಜಿಲ್ಲೆಯಲ್ಲಿ ನರ್ಸ್. ಸರ್ಕಾರದ ಕಾಗದದಲ್ಲಿ ಈಗ ಶುಶ್ರೂಷಾಧಿಕಾರಿ, ವಾರ್ಡಿನಲ್ಲಿ ಇನ್ನೂ ಸಿಸ್ಟರ್. ಹೊಸದಾಗಿ ಸೇರುವವರಿಗೆ ಎರಡು ಪುಟದ ಕನ್ನಡ ಕೈಪಿಡಿ, ಜೊತೆಗೆ ರೋಗಿಗಳ ಹಕ್ಕುಗಳ ಒಂದು ಬೋರ್ಡು ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಮೂರು ವಾರವಾಯಿತು, ಒಂದೇ ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅಕೌಂಟಬಿಲಿಟಿ.

‘ಜವಾಬ್ದಾರಿ ಅಂತ ಬರೀರಿ, ಮುಗೀತು’ ಎಂದರು ಆಫೀಸಿನ ಕ್ಲರ್ಕು. ಮುಗಿಯುವುದಿಲ್ಲ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1953ರಲ್ಲಿ ಮೊದಲು ಹೊರತಂದ ನೀತಿಸಂಹಿತೆ 2021ರಲ್ಲಿ ಪರಿಷ್ಕರಣೆ ಆಗಿದೆ. ಅದರಲ್ಲಿ ರೆಸ್ಪಾನ್ಸಿಬಿಲಿಟಿ, ಅಕೌಂಟಬಿಲಿಟಿ ಎರಡೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂತಿವೆ. ಎರಡಕ್ಕೂ ಜವಾಬ್ದಾರಿ ಅಂದರೆ ‘ನರ್ಸ್ ತನ್ನ ಕೆಲಸದ ಜವಾಬ್ದಾರಿ ಮತ್ತು ಜವಾಬ್ದಾರಿ ಹೊರುತ್ತಾರೆ’ ಎಂದಾಗುತ್ತದೆ!

ವಾರ್ಡಿನಲ್ಲಿ ನಿಂತು ನೋಡಿದರೆ ಇವು ಬೇರೆ ಬೇರೆ ಎಂಬುದು ಚೆನ್ನಾಗಿ ಕಾಣುತ್ತದೆ. ರಾತ್ರಿ ಪಾಳಿಯಲ್ಲಿ ಅಷ್ಟೂ ಮಂಚ ನನ್ನ ಜವಾಬ್ದಾರಿ. ಬೆಳಿಗ್ಗೆ ರಿಪೋರ್ಟ್ ಬುಕ್ ಓದಿ, ಬಂದವರ ಕೈಗೆ ಒಪ್ಪಿಸಿದರೆ ಅದು ಅವರದಾಗುತ್ತದೆ. ಆದರೆ ‘ರಾತ್ರಿ ಎರಡು ಗಂಟೆಗೆ ಆ ಡ್ರಿಪ್ ಯಾಕೆ ನಿಂತಿತ್ತು?’ ಎಂದು ಯಾರಾದರೂ ಕೇಳಿದರೆ ಅದಕ್ಕೆ ನಾನೇ ಬಾಯಿ ಬಿಡಬೇಕು. ಅದನ್ನು ಯಾರಿಗೂ ಒಪ್ಪಿಸಿ ಬಸ್ ಹತ್ತಲು ಆಗುವುದಿಲ್ಲ. ಈ ಎರಡನೆಯದಕ್ಕೆ ನನಗೆ ಪದ ಬೇಕು.

ತಮಾಷೆ ಏನಂದರೆ, ‘ಜವಾಬ್ದಾರಿ’ ಎಂಬ ಪದ ಹುಟ್ಟಿದ್ದೇ ಅದಕ್ಕಾಗಿ. ಜವಾಬು ಅರಬ್ಬಿಯದು, ಅರ್ಥ ಉತ್ತರ. ‘ದಾರ್’ ಪಾರ್ಸಿಯದು, ಹೊಂದಿದವನು ಎಂದು. ಜಮೀನ್ದಾರ, ಹವಾಲ್ದಾರ ಇದ್ದ ಹಾಗೆ ಜವಾಬುದಾರ. ಉತ್ತರ ಹೇಳಬೇಕಾದವನು. ನಮ್ಮ ಕೊಪ್ಪಳ, ರಾಯಚೂರು 1948ರ ತನಕ ನಿಜಾಮರ ಆಡಳಿತದಲ್ಲಿದ್ದವು, ಕಚೇರಿಯ ಭಾಷೆ ಉರ್ದು. ಹಾಗಾಗಿ ಇಲ್ಲಿ ಜವಾಬು ಇನ್ನೂ ಜೀವಂತ ಮಾತು. ‘ಕೇಳಿದ್ದಕ್ಕ ಜವಾಬ್ ಕೊಡು’ ಎಂದು ತಾಯಂದಿರು ಮಕ್ಕಳನ್ನು ಗದರಿಸುತ್ತಾರೆ. ಲಾವಣಿಯಲ್ಲಿ ಸವಾಲ್ ಜವಾಬ್ ಇದ್ದೇ ಇದೆ. ಆದರೆ ಇದಕ್ಕೆ ‘ದಾರಿ’ ಸೇರಿದ ಕೂಡಲೇ ಒಳಗಿನ ಉತ್ತರ ಮಾಯವಾಗಿ, ಬರೀ ವಹಿಸಿದ ಕೆಲಸ ಉಳಿಯುತ್ತದೆ. ಮದುವೆ ಮನೆಯಲ್ಲಿ ‘ಎಲೆ ಅಡಿಕೆ ಜವಾಬ್ದಾರಿ ನಿಂದು’ ಎನ್ನುವಾಗ ಯಾರೂ ಉತ್ತರದ ಬಗ್ಗೆ ಯೋಚಿಸುವುದಿಲ್ಲ, ಅಲ್ವಾ?

ನನಗೆ ಈ ಪದದ ಹಳೆಯ ಅರ್ಥ ಕಲಿಸಿದ್ದು ನಿಘಂಟಲ್ಲ. ಸ್ವಲ್ಪ ನಾಚಿಕೆಯ ಕಥೆ, ಆದರೂ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದು. ಹೆಣ್ಣುಮಕ್ಕಳ ವಾರ್ಡು. ಆವತ್ತು ಇಬ್ಬರು ಹುಲಿಗೆಮ್ಮ ಇದ್ದರು. ಹುಲಿಗೆಮ್ಮ ದೇವಿಯ ಗುಡಿ ಇರುವ ಹುಲಿಗಿ ಹತ್ತಿರವೇ ಇರುವ ನಮ್ಮ ಕಡೆ ಇದೇನು ದೊಡ್ಡ ವಿಷಯವಲ್ಲ, ಓಣಿಗೊಬ್ಬ ಹುಲಿಗೆಮ್ಮ ಸಿಗುತ್ತಾರೆ. 6ನೇ ಮಂಚದವರಿಗೆ ಶುಗರ್, ಊಟಕ್ಕೆ ಮುಂಚೆ ಇನ್ಸುಲಿನ್. 9ನೇ ಮಂಚದವರಿಗೆ ಜ್ವರ ಅಷ್ಟೇ. ನಾನು ಸಿರಿಂಜಿಗೆ ಔಷಧಿ ಎಳೆದುಕೊಂಡು ‘ಹುಲಿಗೆಮ್ಮ ಯಾರ್ರೀ?’ ಎಂದು ಕೂಗಿದೆ. 9ನೇ ಮಂಚದ ಕೈ ಎದ್ದಿತು. ಕೇಸ್‌ಶೀಟ್ ನೋಡದೆ ಹೋಗಿ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದೆ. ಅವರು ತೋಳು ಹಿಂದಕ್ಕೆಳೆದುಕೊಂಡರು.

‘ಯವ್ವಾ, ಇದು ಎದರ ಸೂಜಿ?’

‘ಶುಗರ್‌ದು.’

‘ನಂಗ ಶುಗರ್ ಎಲ್ಲೈತಿ?’

ನನ್ನ ಕೈ ಅಲ್ಲೇ ನಿಂತಿತು. ಬೆಳಿಗ್ಗೆಯಿಂದ ಒಂದು ತುತ್ತೂ ಉಂಡಿರದ ಆಕೆಗೆ ಇನ್ಸುಲಿನ್ ಹೋಗಿದ್ದರೆ ರಕ್ತದ ಸಕ್ಕರೆ ಕುಸಿದು, ಮೈ ಬೆವತು, ಎಚ್ಚರ ತಪ್ಪಿ, ಮುಂದಿನದು ನೆನೆಸುವುದೂ ಬೇಡ. ಹೋಗಿ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಅವರು ಬೈಯಲಿಲ್ಲ. ‘ಹೋಗಿ ಆಕಿಗೆ ಜವಾಬ್ ಕೊಟ್ಟು ಬಾ’ ಎಂದರು.

‘ಅಕ್ಕಾ, ನಾ ಚುಚ್ಚಿಲ್ಲಲ್ಲ?’

‘ಚುಚ್ಚಿಲ್ಲ. ಆದರ ಆಕಿ ಕೇಳ್ಯಾಳಲ್ಲ.’

ಹೋದೆ. ಹೆಸರು ಒಂದೇ ಇತ್ತು ಅವ್ವಾ, ನಾನು ಚೀಟಿ ನೋಡಲಿಲ್ಲ, ತಪ್ಪು ನಂದು ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ‘ನಾ ಕೇಳಿದ್ದು ಚಲೋ ಆತು ಬಿಡು’ ಎಂದು ಸೆರಗು ಸರಿಮಾಡಿಕೊಂಡರು. ಆಮೇಲೆ ಸಿಸ್ಟರ್ ರಿಪೋರ್ಟ್ ಬುಕ್ಕಿನಲ್ಲಿ ಅದನ್ನು ನನ್ನ ಕೈಯಿಂದಲೇ ಬರೆಸಿದರು, ಟೈಮು ಹಾಕಿ, ಸಹಿ ಹಾಕಿ.

ಈಗ ಬೇರೆ ಪದಗಳಿಗೆ ಬರೋಣ.

ಹೊಣೆ. ಅಚ್ಚಕನ್ನಡ, ಹಳಗನ್ನಡದ ಪೊಣೆ. ಮೂಲದಲ್ಲಿ ಜಾಮೀನು. ‘ಅವನ ಸಾಲಕ್ಕೆ ನಾನು ಹೊಣೆ ನಿಂತೆ’ ಎನ್ನುತ್ತೇವೆ. ಚಂದದ ಪದ, ಬರೆಯಲೂ ಸುಲಭ. ಆದರೆ ಆಸ್ಪತ್ರೆಯಲ್ಲಿ ಇದರ ಗತಿ ನೋಡಿ. ‘ನಿಮ್ಮ ವಸ್ತುಗಳಿಗೆ ನೀವೇ ಹೊಣೆ.’ ‘ಮುಂದಾಗುವ ಅನಾಹುತಕ್ಕೆ ವೈದ್ಯರು, ಸಿಬ್ಬಂದಿ ಹೊಣೆಯಲ್ಲ.’ ಗೋಡೆಯ ಮೇಲಾಗಲಿ, ಫಾರಂನಲ್ಲಾಗಲಿ ಹೊಣೆ ಬರುವುದು ಕೈತೊಳೆದುಕೊಳ್ಳುವಾಗ ಮಾತ್ರ. ‘ಹೊಣೆ’ ಓದಿದ ಕೂಡಲೇ ಜನ ಮುಂದಿನದು ‘ಅಲ್ಲ’ ಎಂದೇ ಓದುತ್ತಾರೆ. ಹೊಣೆಗಾರಿಕೆಗೆ ಈ ರೋಗ ಅಷ್ಟಿಲ್ಲ, ಆದರೆ ಅದನ್ನು ಕೋರ್ಟು, ವಿಮೆಯವರು ನಷ್ಟ ಕಟ್ಟಿಕೊಡುವ ಅರ್ಥದಲ್ಲಿ ಬಳಸುತ್ತಾರೆ.

ಉತ್ತರದಾಯಿತ್ವ. ಸರ್ಕಾರಿ ಸುತ್ತೋಲೆಯಲ್ಲಿ ಕಾಣುವುದು ಹೆಚ್ಚಾಗಿ ಇದೇ. ಬಿಡಿಸಿದರೆ ಇದೂ ಉತ್ತರ ಕೊಡುವವನ ಗುಣ, ಜವಾಬ್ದಾರಿಯದೇ ಸಂಸ್ಕೃತದ ಅಂಗಿ. ನಮ್ಮ ಆಯಾ ಇದನ್ನು ಓದಿ ‘ಉತ್ತರದ ದಾಯಿ ಯಾರ್ರೀ? ದಕ್ಷಿಣದಾಕಿ ಎಲ್ಲಿ?’ ಎಂದು ಕೇಳಿದರು (ದಾಯಿ ಅಂದರೆ ಸೂಲಗಿತ್ತಿ). ಅಲ್ಲಿಗೆ ಅದನ್ನು ಕೈಬಿಟ್ಟೆ. ಬೋರ್ಡು ಬರೆಯಲು ಗಂಗಾವತಿಯಿಂದ ಬರುವ ಪೇಂಟರು ಅಕ್ಷರಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಾರೆ, ಅದನ್ನೂ ಹೇಳಬೇಕು.

ಹಾಗಾದರೆ ನೇರವಾಗಿ ‘ಜವಾಬು ಕೊಡುವುದು’ ಎಂದೇ ಬರೆದರೆ? ನನ್ನ ಒಲವು ಇಲ್ಲಿಗೇ. ಆದರೆ ಒಂದು ತೊಡಕಿದೆ. ನಮ್ಮಲ್ಲಿ ಉರ್ದು ಮನೆಮಾತಿನವರು ಜಾಸ್ತಿ. ಅವರಲ್ಲಿ ‘ಡಾಕ್ಟರ್ ನೇ ಜವಾಬ್ ದೇ ದಿಯಾ’ ಅಂದರೆ ಡಾಕ್ಟರು ಕೈಚೆಲ್ಲಿದರು, ಇನ್ನು ಆಸೆಯಿಲ್ಲ ಎಂದು ಅರ್ಥ! ವಾರ್ಡಿನ ಗೋಡೆಯ ಮೇಲೆ ‘ಇಲ್ಲಿ ನರ್ಸ್‌ಗಳು ಜವಾಬು ಕೊಡುತ್ತಾರೆ’ ಎಂದು ದಪ್ಪಕ್ಷರದಲ್ಲಿ ಬರೆಸಿ, ಅದನ್ನು ಯಾರಾದರೂ ಉರ್ದುವಿನವರಿಗೆ ಓದಿ ಹೇಳಿದರೆ ಗಂಟುಮೂಟೆ ಕಟ್ಟಿಯಾರು.

ಇನ್ನು ಹಕ್ಕು. ಇದೂ ಅರಬ್ಬಿಯ ಹಕ್. ಸತ್ಯ, ಸಲ್ಲಬೇಕಾದದ್ದು ಎಂಬ ಅರ್ಥದ್ದು. ಪದದ ಬಗ್ಗೆ ತಕರಾರಿಲ್ಲ, ತೊಂದರೆ ಅನುವಾದದಲ್ಲಿ. ಇಂಗ್ಲಿಷಿನ ‘ರೈಟ್’ ಅಂದರೆ ಹಕ್ಕೂ ಹೌದು, ಸರಿಯೂ ಹೌದು. ಔಷಧಿ ಕೊಡುವಾಗ ನೋಡಬೇಕಾದ ‘ಫೈವ್ ರೈಟ್ಸ್’ ಎಂದು ನಮಗೆ ಕಲಿಸುತ್ತಾರೆ: ಸರಿಯಾದ ರೋಗಿ, ಸರಿಯಾದ ಔಷಧಿ, ಅಳತೆ, ಕೊಡುವ ದಾರಿ (ಬಾಯಿಗೋ, ಸೂಜಿಯಲ್ಲೋ), ಹೊತ್ತು. ಟ್ರೇನಿಂಗಿಗೆ ಬಂದ ಹುಡುಗಿಯೊಬ್ಬಳು ಇದನ್ನು ‘ಔಷಧಿ ನೀಡುವ ಐದು ಹಕ್ಕುಗಳು’ ಎಂದು ಬರೆದಿದ್ದಳು. ನಕ್ಕು ತಿದ್ದಿ ‘ಐದು ಸರಿ’ ಮಾಡಿದೆ. ಆಮೇಲೆ ಹುಲಿಗೆಮ್ಮ ನೆನಪಾದರು. ಐದರಲ್ಲಿ ಮೊದಲನೆಯ ‘ಸರಿ’ಯನ್ನೇ ನಾನು ತಪ್ಪಿದ್ದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಸನ್ನದಿನಲ್ಲಿ 17 ಹಕ್ಕುಗಳಿವೆ, ಮೊದಲನೆಯದು ಮಾಹಿತಿಯ ಹಕ್ಕು. ಹುಲಿಗೆಮ್ಮ ಅದನ್ನು ಚಲಾಯಿಸಿದ್ದರು, ಸನ್ನದು ಬರುವ ಎಷ್ಟೋ ಮೊದಲೇ. ಆ ಹುಡುಗಿಯ ತಪ್ಪು ಪೂರ್ತಿ ತಪ್ಪೇ ಎಂದು ಈಗ ಅನುಮಾನ.

ಇನ್ನೊಂದು ಸಣ್ಣ ಪ್ರಶ್ನೆ. ಕನ್ಸೆಂಟ್‌ಗೆ ಒಪ್ಪಿಗೆ ಸಾಕೋ, ಸಮ್ಮತಿಯೋ, ಅನುಮತಿಯೋ? ಅನುಮತಿ ಮೇಲಿನವರು ಕೆಳಗಿನವರಿಗೆ ಕೊಡುವಂಥದ್ದು ಎಂದು ಮೊದಲು ಹೊಡೆದುಹಾಕಿದ್ದೆ. ಮೈ ರೋಗಿಯದು, ಹಾಗಾದರೆ ಮೇಲಿನವರು ಅವರೇ ತಾನೆ? ನಮ್ಮಲ್ಲಿ ಹೆಂಡತಿಯ ಆಪರೇಷನ್‌ಗೆ ಗಂಡನ ಹೆಬ್ಬೆಟ್ಟು ಒತ್ತಿಸುವುದೇ ರೂಢಿ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರೋಗಿಗೆ ಮಂಪರಿದ್ದಾಗ ತಾಯಿ ಕೊಟ್ಟ ಒಪ್ಪಿಗೆ ಸಾಲದು, ಜೀವಕ್ಕೆ ತುರ್ತು ಇಲ್ಲದಿದ್ದರೆ ರೋಗಿ ತಾನೇ ತಿಳಿದು ಒಪ್ಪಬೇಕು ಎಂದಿತು. ಹಾಗಾಗಿ ‘ಒಪ್ಪಿಗೆ’ ಎಂದಷ್ಟೇ ಬರೆಯದೆ ‘ತಿಳಿದು ಕೊಟ್ಟ ಒಪ್ಪಿಗೆ’ ಎಂದು ಹಾಕಿದ್ದೇನೆ. ಉದ್ದವಾಯಿತೇ?

ನಡುವೆ ಸುಮ್ನೆ ಒಂದು ಮಾತು: ಶುಶ್ರೂಷೆಯ ಧಾತು ‘ಶ್ರು’, ಕೇಳು ಎಂದು. ಶುಶ್ರೂಷೆ ಅಂದರೆ ಕೇಳಿಸಿಕೊಳ್ಳುವ ಇಚ್ಛೆ. ಅಧಿಕಾರಿ ಯಾಕೆ ಅಂಟಿಕೊಂಡರೋ.

ಸದ್ಯಕ್ಕೆ ಬೋರ್ಡಿಗೆ ಹೀಗೆ ಬರೆದಿಟ್ಟಿದ್ದೇನೆ: ‘ಇದು ಯಾವ ಔಷಧಿ, ಯಾಕೆ ಎಂದು ಕೇಳಿ. ಕೊಡುವವರೇ ಉತ್ತರ ಹೇಳಬೇಕು.’ ಅಕೌಂಟಬಿಲಿಟಿಗೆ ನಾಮಪದ ಬೇಡ, ಕ್ರಿಯಾಪದವೇ ಸಾಕು ಎಂಬುದು ನನ್ನ ವಾದ. ಕೈಪಿಡಿಯಲ್ಲಿ ಮಾತ್ರ ತಲೆಬರಹಕ್ಕೆ ಒಂದು ಪದ ಬೇಕೇ ಬೇಕು. ಬಳ್ಳಾರಿ, ರಾಯಚೂರು ಕಡೆಯವರು ನಿಮ್ಮ ಊರಿನಲ್ಲಿ ‘ಜವಾಬು’ ಯಾವ್ಯಾವ ಅರ್ಥದಲ್ಲಿ ಓಡಾಡುತ್ತಿದೆ ಎಂದು ಬರೆಯಿರಿ. ಪೇಂಟರು ಶುಕ್ರವಾರ ಬರುತ್ತಾರೆ.